ಸಮುದಾಯ ಕಾಲೇಜುಗಳಲ್ಲಿ ಭಾಷಣ ಮತ್ತು ಸಂವಹನ ಅಧ್ಯಯನ (ಕ್ಯಾಲಿಫೋರ್ನಿಯಾ)

ಭಾಷಣ ಮತ್ತು ಸಂವಹನ ಅಧ್ಯಯನವು ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಬೋಧಿಸಲಾಗುವ ವಿಷಯಗಳಲ್ಲೊಂದು. ಕಡಿಮೆ ಶುಲ್ಕದಲ್ಲಿ ಎರಡು ವರ್ಷಗಳ ಶಿಕ್ಷಣ ನೀಡುವ ಈ ಕಾಲೇಜುಗಳಿಂದ ಅನೇಕರು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗಾವಣೆ ಪಡೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ಇಲ್ಲಿ ಗಣಿತವನ್ನೋ ಶುಶ್ರೂಷೆಯನ್ನೋ ಆರಿಸಿಕೊಂಡ ವಿದ್ಯಾರ್ಥಿಗೂ ವರ್ಗಾವಣೆಯ ದಾರಿಯಲ್ಲಿ ಮೌಖಿಕ ಸಂವಹನದ ಪಠ್ಯವೊಂದು ಎದುರಾಗುತ್ತದೆ.

ಹಿನ್ನೆಲೆ

1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜನ್ನು ದೇಶದ ಮೊದಲ ಸಾರ್ವಜನಿಕ ಸಮುದಾಯ ಕಾಲೇಜೆಂದು ಪರಿಗಣಿಸಲಾಗುತ್ತದೆ. ಭಾಷಣಕಲೆಯು ಆ ಕಾಲದಲ್ಲಿ ಬಹುಮಟ್ಟಿಗೆ ಇಂಗ್ಲಿಷ್ ವಿಭಾಗದ ನೆರಳಿನಲ್ಲಿತ್ತು. 1914ರಲ್ಲಿ 17 ಮಂದಿ ಅಧ್ಯಾಪಕರು ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿಯಿಂದ ಬೇರ್ಪಟ್ಟು ತಮ್ಮದೇ ಸಂಘವನ್ನು ಸ್ಥಾಪಿಸಿದರು. ಅದೇ ಇಂದಿನ ರಾಷ್ಟ್ರೀಯ ಸಂವಹನ ಸಂಘ. ಕಾಲಕ್ರಮೇಣ ಅನೇಕ ಕಾಲೇಜುಗಳಲ್ಲಿ 'ಭಾಷಣ' ವಿಭಾಗವು 'ಸಂವಹನ ಅಧ್ಯಯನ' ಎಂಬ ಹೆಸರು ಪಡೆಯಿತು. ಉಚ್ಚಾರಣಾ ದೋಷಗಳಿಗೆ ಚಿಕಿತ್ಸೆ ನೀಡುವ ವಾಕ್ ಚಿಕಿತ್ಸೆ ಬೇರೆಯೇ ಶಾಸ್ತ್ರ.

ಪಠ್ಯಕ್ರಮ

ವ್ಯಕ್ತಿಗಳ ನಡುವಿನ ಸಂವಹನ, ಗುಂಪು ಚರ್ಚೆ, ವಾದ ಮಂಡನೆ, ಅಂತರ್‌ಸಾಂಸ್ಕೃತಿಕ ಸಂವಹನ ಮೊದಲಾದ ಪಠ್ಯಗಳಿದ್ದರೂ ಹೆಚ್ಚು ಮಂದಿ ಪರಿಚಯಿಸಿಕೊಳ್ಳುವುದು ಸಾರ್ವಜನಿಕ ಭಾಷಣದ ಪಠ್ಯವನ್ನೇ. ವಿದ್ಯಾರ್ಥಿಯು ವಿಷಯವನ್ನು ಆಯ್ದು, ಆಧಾರಗಳನ್ನು ಸಂಗ್ರಹಿಸಿ, ರೂಪರೇಖೆ ಬರೆದು, ಸಹಪಾಠಿಗಳ ಮುಂದೆ ಮಾತನಾಡಬೇಕು. ಮಾಹಿತಿ ನೀಡುವ ಭಾಷಣ, ಮನವೊಲಿಸುವ ಭಾಷಣ ಎಂಬ ಎರಡು ಬಗೆಗಳು ಮುಖ್ಯ. ಬಾಯಿಪಾಠ ಮಾಡಿ ಒಪ್ಪಿಸುವುದಾಗಲಿ, ಬರೆದುದನ್ನು ಓದುವುದಾಗಲಿ ಇಲ್ಲಿ ಗುಣವೆನಿಸದು. ಚಿಕ್ಕ ಟಿಪ್ಪಣಿ ಚೀಟಿಯ ನೆರವಿನಿಂದ, ಕೇಳುಗರ ಮುಖ ನೋಡುತ್ತ ಮಾತನಾಡುವುದೇ ಅಪೇಕ್ಷಿತ. ನಮ್ಮ ಶಾಲಾ ಭಾಷಣ ಸ್ಪರ್ಧೆಗಳನ್ನು ಕಂಡವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.

ಸಭಾಕಂಪವೂ ಇಲ್ಲಿ ಪಾಠದ ಭಾಗ. ಜೇಮ್ಸ್ ಮೆಕ್ರಾಸ್ಕಿ ಇದನ್ನು 'ಸಂವಹನ ಭೀತಿ' ಎಂದು ಹೆಸರಿಸಿ, ಅಳೆಯಲು ಪ್ರಶ್ನಾವಳಿಗಳನ್ನು ರೂಪಿಸಿದರು. ಇಂಗ್ಲಿಷ್ ಮನೆಮಾತಲ್ಲದ ವಲಸಿಗರಿಗೆ, ವರ್ಷಗಳ ದುಡಿಮೆಯ ನಂತರ ಮರಳಿ ಓದಲು ಬಂದವರಿಗೆ ಈ ಭೀತಿ ಸಣ್ಣದಲ್ಲ. ಭಾಷಣವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಟ್ಟು ಮುಗಿಸಲಾಗದು.

ವರ್ಗಾವಣೆ

2010ರ ರಾಜ್ಯ ಶಾಸನದಿಂದ ವರ್ಗಾವಣೆಗೆಂದೇ ರೂಪುಗೊಂಡ 60 ಸೆಮಿಸ್ಟರ್ ಯೂನಿಟ್‌ಗಳ ಸಹಪದವಿ ಜಾರಿಗೆ ಬಂತು. ಸಂವಹನ ಅಧ್ಯಯನದಲ್ಲಿಯೂ ಇದನ್ನು ಪಡೆಯಬಹುದು. ಪದವಿ ಪಡೆದವರಿಗೆ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಪ್ರವೇಶದ ಭರವಸೆಯಿದೆ, ಆದರೆ ಬಯಸಿದ ಆವರಣವೇ ದೊರೆಯುವುದೆಂಬ ಭರವಸೆಯಿಲ್ಲ. ಈ ವ್ಯವಸ್ಥೆಯು ಮೌಖಿಕ ಸಂವಹನವನ್ನು ಬಹುಕಾಲದಿಂದ ಕಡ್ಡಾಯಗೊಳಿಸಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೆಂಬ ಇನ್ನೊಂದು ವ್ಯವಸ್ಥೆ ಅದನ್ನು ಕೇಳುತ್ತಿರಲಿಲ್ಲ. 2021ರ ಶಾಸನದ ಫಲವಾಗಿ 2025ರಲ್ಲಿ ಜಾರಿಗೆ ಬಂದ ಏಕರೂಪದ ಸಾಮಾನ್ಯ ಶಿಕ್ಷಣ ಮಾದರಿಯಲ್ಲಿ ಎರಡೂ ವ್ಯವಸ್ಥೆಗಳಿಗೆ ಮೌಖಿಕ ಸಂವಹನ ಸೇರಿದೆ.