ಬಿತ್ತಿದರೂ ಬಾರದ ಮಳೆ, ಬಿರುಗಾಳಿ ತರುತ್ತದೆಯೇ? ದೆಹಲಿ ‘ಆಂಧಿ’, ಹಾರ್ಪ್ ಮತ್ತು ಹವಾಮಾನ ಪಿತೂರಿಯ ಅಸಲಿಯತ್ತು

ನವದೆಹಲಿ: ರಾಜಧಾನಿಯಲ್ಲಿ ಬಿರುಗಾಳಿ ಬೀಸಿ ಮರ ಉರುಳಿದರೆ ಸಾಕು, ‘ಇದು ಸಹಜ ಮಳೆಯಲ್ಲ, ಯಾರೋ ತರಿಸಿದ್ದು’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯಲು ಶುರುವಾಗುತ್ತದೆ. ಒಬ್ಬರು ಮೋಡ ಬಿತ್ತನೆಯನ್ನು ದೂರಿದರೆ, ಇನ್ನೊಬ್ಬರು ಅಮೆರಿಕದ ‘ಹಾರ್ಪ್’ ಕೇಂದ್ರದತ್ತ ಬೆರಳು ತೋರಿಸುತ್ತಾರೆ. ಆಕಾಶದಲ್ಲಿ ವಿಮಾನ ಬಿಟ್ಟುಹೋದ ಬಿಳಿ ಗೆರೆಯ ಫೋಟೊ ಹಾಕುವವರೂ ಇದ್ದಾರೆ. ಹವಾಮಾನವನ್ನು ಹೀಗೆ ಬೇಕೆಂದಂತೆ ಕುಣಿಸಲು ನಿಜಕ್ಕೂ ಸಾಧ್ಯವೇ? ಇದಕ್ಕೆ ಉತ್ತರ ಹುಡುಕಲು ಅಲಾಸ್ಕಾವರೆಗೆ ಹೋಗಬೇಕಿಲ್ಲ. ದೆಹಲಿ ಸರ್ಕಾರವೇ 2025ರಲ್ಲಿ ಎಲ್ಲರ ಕಣ್ಣೆದುರು ಒಂದು ಪರೀಕ್ಷೆ ಮಾಡಿ ನೋಡಿದೆ.

ಅಕ್ಟೋಬರ್ 28ರಂದು ನಡೆದಿದ್ದೇನು?

ದೀಪಾವಳಿ ನಂತರದ ಮಾಲಿನ್ಯ ತಗ್ಗಿಸಲು ಕೃತಕ ಮಳೆ ತರಿಸುವುದು ಯೋಜನೆಯಾಗಿತ್ತು. ಐಐಟಿ ಕಾನ್ಪುರದ ತಂಡ ಅಂದು ಸೆಸ್ನಾ ವಿಮಾನವನ್ನು ಎರಡು ಬಾರಿ ಹಾರಿಸಿ, ಬುರಾಡಿ, ಕರೋಲ್ ಬಾಗ್, ಮಯೂರ್ ವಿಹಾರ್ ಸೇರಿದಂತೆ ಹಲವೆಡೆ ಸಿಲ್ವರ್ ಅಯೋಡೈಡ್ ಮತ್ತು ಉಪ್ಪಿನ ಮಿಶ್ರಣವನ್ನು ಮೋಡಕ್ಕೆ ಬಿತ್ತಿತು. ಐದು ಪ್ರಯೋಗಗಳಿಗೆ ಸುಮಾರು 3.21 ಕೋಟಿ ರೂ. ಮೀಸಲಿಡಲಾಗಿತ್ತು. ಟಿವಿ ಕ್ಯಾಮೆರಾಗಳು ಆಕಾಶ ನೋಡುತ್ತಾ ಕಾದವು. ಕೊನೆಗೆ ದಾಖಲಾದದ್ದು ನೋಯ್ಡಾದಲ್ಲಿ 0.1 ಮಿ.ಮೀ., ಗ್ರೇಟರ್ ನೋಯ್ಡಾದಲ್ಲಿ 0.2 ಮಿ.ಮೀ. ಮಳೆ. ದೆಹಲಿಯಲ್ಲಿ ಮಳೆ ಎನ್ನುವಂಥದ್ದೇನೂ ಬೀಳಲಿಲ್ಲ.

ಮೋಡದಲ್ಲಿ ತೇವಾಂಶ ಇದ್ದದ್ದೇ ಶೇ 15-20ರಷ್ಟು ಎಂದು ಐಐಟಿ ಕಾರಣ ಕೊಟ್ಟಿತು. ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಹೆಸರೇ ಹೇಳುವಂತೆ ಇದು ಬಿತ್ತನೆ. ಹೊಲದಲ್ಲಿ ಹದ ಇಲ್ಲದಿದ್ದರೆ ಬೀಜ ಮೊಳೆಯದು. ಮೋಡದಲ್ಲಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದೆ ತೇಲುವ ನೀರಿನ ಹನಿಗಳಿರುತ್ತವೆ. ಸಿಲ್ವರ್ ಅಯೋಡೈಡ್ ಕಣದ ರಚನೆ ಮಂಜುಗಡ್ಡೆಯ ಹರಳನ್ನು ಹೋಲುವುದರಿಂದ ಆ ನೀರು ಅದರ ಸುತ್ತ ಹೆಪ್ಪುಗಟ್ಟಿ, ಭಾರವಾಗಿ, ಕೆಳಗೆ ಬೀಳುತ್ತದೆ. ಇರುವ ನೀರನ್ನು ಸ್ವಲ್ಪ ಬೇಗ, ಸ್ವಲ್ಪ ಹೆಚ್ಚು ಇಳಿಸಬಹುದು ಅಷ್ಟೇ. ಇಲ್ಲದ ಮೋಡವನ್ನು ಅದು ಹುಟ್ಟಿಸುವುದಿಲ್ಲ, ಗಾಳಿಯನ್ನಂತೂ ಎಬ್ಬಿಸುವುದೇ ಇಲ್ಲ.

ಅನುಕೂಲಕರ ಮೋಡ ಸಿಕ್ಕರೆ ಎಷ್ಟು ಲಾಭ? ಪುಣೆಯ ಐಐಟಿಎಂ ವಿಜ್ಞಾನಿಗಳು ನಮ್ಮ ವಿಜಯಪುರದ ಪಕ್ಕದ ಸೋಲಾಪುರದಲ್ಲಿ 2018 ಮತ್ತು 2019ರಲ್ಲಿ ಇದನ್ನು ಅಳೆದರು. ಆಯ್ದ 276 ಮೋಡಗಳಲ್ಲಿ ಕೆಲವಕ್ಕೆ ಬಿತ್ತಿ, ಕೆಲವನ್ನು ಹಾಗೇ ಬಿಟ್ಟು ಹೋಲಿಸಿದಾಗ, ಬಿತ್ತಿದ ಕಡೆ ಮಳೆ ಸುಮಾರು ಶೇ 18ರಷ್ಟು ಹೆಚ್ಚಿತ್ತು. ಮಳೆನೆರಳಿನ ಪ್ರದೇಶಕ್ಕೆ ಇದು ಕಡಿಮೆಯೇನಲ್ಲ. ಆದರೆ 10 ಮಿ.ಮೀ. ಬೀಳುವಲ್ಲಿ 12 ಮಿ.ಮೀ. ಬಿದ್ದರೆ ಯಾವ ಊರೂ ಮುಳುಗದು.

ಬಿರುಗಾಳಿಯ ಶಕ್ತಿ ಎಷ್ಟು?

ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಅರ್ಧ ಅನುಮಾನ ತಾನಾಗೇ ಕರಗುತ್ತದೆ. ಒಂದು ಚದರ ಕಿ.ಮೀ. ಜಾಗದಲ್ಲಿ 100 ಮಿ.ಮೀ. ಮಳೆ ಸುರಿದರೆ ಅದು 10 ಕೋಟಿ ಲೀಟರ್ ನೀರು. ಅಷ್ಟು ನೀರು ಆವಿಯಿಂದ ಹನಿಯಾಗುವಾಗ ಹೊರಬೀಳುವ ಶಾಖವನ್ನು ವಿದ್ಯುತ್‌ಗೆ ಹೋಲಿಸಿದರೆ ಸುಮಾರು 7 ಕೋಟಿ ಯೂನಿಟ್. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವಾಟ್‌ಗೆ ಏರಿ ದಾಖಲೆ ಬರೆದಿತ್ತು. ಇಡೀ ದೆಹಲಿ ಅದೇ ಮಟ್ಟದಲ್ಲಿ ಎಂಟು ಗಂಟೆ ವಿದ್ಯುತ್ ಬಳಸಿದರೆ ಎಷ್ಟೋ, ಒಂದೇ ಚದರ ಕಿ.ಮೀ.ನ ಮಳೆಯಲ್ಲಿ ಅಷ್ಟು ಶಕ್ತಿ! ದೆಹಲಿಯ ವಿಸ್ತೀರ್ಣ 1,483 ಚದರ ಕಿ.ಮೀ.

ಈಗ ಹಾರ್ಪ್ ವಿಷಯ. ಅಲಾಸ್ಕಾದ ಗಕೋನಾದಲ್ಲಿರುವ ಈ ಕೇಂದ್ರದಲ್ಲಿ 180 ಆಂಟೆನಾಗಳಿವೆ. ಅಮೆರಿಕ ಸೇನೆಯ ಹಣದಲ್ಲಿ ಕಟ್ಟಿದ್ದು ನಿಜ, ಅನುಮಾನ ಹುಟ್ಟಿದ್ದೂ ಅದಕ್ಕೇ. 2015ರಿಂದ ಅದನ್ನು ಅಲಾಸ್ಕಾ ವಿಶ್ವವಿದ್ಯಾಲಯ ನಡೆಸುತ್ತಿದೆ. ಅದರ ಟ್ರಾನ್ಸ್‌ಮಿಟರ್ ಸಾಮರ್ಥ್ಯ 3.6 ಮೆಗಾವಾಟ್. ಮೇಲೆ ಹೇಳಿದ ಒಂದು ಚದರ ಕಿ.ಮೀ. ಮಳೆಯ ಶಕ್ತಿಗೆ ಸಮವಾಗಬೇಕಾದರೆ ಹಾರ್ಪ್ ಎರಡು ವರ್ಷಕ್ಕೂ ಹೆಚ್ಚು ಕಾಲ ಬಿಡುವಿಲ್ಲದೆ ಉರಿಯಬೇಕು. ಮೇಲಾಗಿ ಅದು ಅಧ್ಯಯನ ಮಾಡುವುದು ಹತ್ತಾರು ಕಿ.ಮೀ. ಎತ್ತರದಲ್ಲಿರುವ ಅಯಾನುಗೋಳವನ್ನು. ಮೋಡ, ಗುಡುಗು, ಮಳೆ ಎಲ್ಲವೂ ಅದರ ಬಹಳ ಕೆಳಗೆ. ಅದರ ರೇಡಿಯೊ ತರಂಗಗಳನ್ನು ಇಲ್ಲಿನ ಗಾಳಿ ಹೀರಿಕೊಳ್ಳುವುದೇ ಇಲ್ಲ. ಇನ್ನು ವಿಮಾನದ ಬಿಳಿ ಗೆರೆ ಎಂಜಿನ್‌ನಿಂದ ಬರುವ ನೀರಾವಿ ಮೇಲಿನ ಚಳಿಗೆ ಹೆಪ್ಪುಗಟ್ಟಿ ಆಗುವುದು. ಮೇಲೆ ತೇವ ಹೆಚ್ಚಿದ್ದ ದಿನ ಗೆರೆ ಹೆಚ್ಚು ಹೊತ್ತು ಉಳಿಯುತ್ತದೆ.

ಹಾಗಾದರೆ ‘ಆಂಧಿ’ ಏಳುವುದು ಹೇಗೆ?

ದೆಹಲಿಯ ಜನ ಆಂಧಿ ಎನ್ನುವ ಧೂಳಿನ ಬಿರುಗಾಳಿಗೆ ಏಪ್ರಿಲ್‌ನಿಂದ ಜೂನ್ ಸುಗ್ಗಿ ಕಾಲ. ನೆಲ 40 ಡಿಗ್ರಿ ದಾಟಿ ಕಾದಿರುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರದ ಏರಿಳಿತ (ಹವಾಮಾನ ಇಲಾಖೆಯ ಭಾಷೆಯಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’) ಮೇಲೆ ತಂಪು ಗಾಳಿ ತರುತ್ತದೆ. ಸಮುದ್ರದ ತೇವಾಂಶ ಕೆಳಗೆ ಸೇರಿಕೊಂಡರೆ ಬಿಸಿಗಾಳಿ ರಭಸದಿಂದ ಮೇಲೇರಿ ಹತ್ತಾರು ಸಾವಿರ ಅಡಿ ಎತ್ತರದ ಗುಡುಗು ಮೋಡ ಎದ್ದು ನಿಲ್ಲುತ್ತದೆ. ಮಳೆಹನಿ ಒಣಗಾಳಿಯಲ್ಲಿ ಆವಿಯಾದಾಗ ತಣ್ಣಗಾದ ಗಾಳಿ ದಬದಬನೆ ಕೆಳಗಿಳಿದು ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಮಳೆಗಿಂತ ಮೊದಲು ಧೂಳು ಬರುವುದು ಇದೇ ಕಾರಣಕ್ಕೆ.

2025ರ ಮೇ 21ರಂದು ಸಫ್ದರ್‌ಜಂಗ್‌ನಲ್ಲಿ ಗಾಳಿಯ ವೇಗ ಗಂಟೆಗೆ 79 ಕಿ.ಮೀ. ಮುಟ್ಟಿತ್ತು. ಅಂದು ಶ್ರೀನಗರಕ್ಕೆ ಹೊರಟಿದ್ದ ಇಂಡಿಗೊ ವಿಮಾನದ ಮೂತಿ ಆಲಿಕಲ್ಲು ಹೊಡೆತಕ್ಕೆ ಒಡೆದಿತ್ತು. 220ಕ್ಕೂ ಹೆಚ್ಚು ಜನ ಪಾರಾಗಿದ್ದರು. ಅದಕ್ಕೂ ಮೊದಲು ಮೇ 2ರ ಮುಂಜಾನೆ ಕೆಲವೇ ಗಂಟೆಗಳಲ್ಲಿ 77 ಮಿ.ಮೀ. ಮಳೆ ಸುರಿದಾಗ, ನಜಫ್‌ಗಢ ಕಡೆ ಮರವೊಂದು ಕೋಣೆಯ ಮೇಲೆ ಬಿದ್ದು ತಾಯಿ ಮತ್ತು ಮೂವರು ಮಕ್ಕಳು ಮೃತಪಟ್ಟರು. ಕೃತಕ ಮಳೆಯ ವಿಮಾನ ದೆಹಲಿಯ ಆಕಾಶಕ್ಕೆ ಏರಿದ್ದು ಇದಾಗಿ ಐದು ತಿಂಗಳ ಮೇಲೆ!

ಅನುಮಾನ ಪೂರ್ತಿ ಆಧಾರರಹಿತವೇ?

ಇಲ್ಲ, ಅದಕ್ಕೊಂದು ಇತಿಹಾಸವಿದೆ. ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ರಸ್ತೆ ಕೆಸರಾಗಲಿ ಎಂದು ಅಮೆರಿಕ 1967ರಿಂದ 1972ರವರೆಗೆ ‘ಆಪರೇಷನ್ ಪಾಪ್‌ಐ’ ಹೆಸರಲ್ಲಿ ಗುಟ್ಟಾಗಿ ಮೋಡ ಬಿತ್ತಿತ್ತು. ಅದು ಬಯಲಾದ ಬಳಿಕವೇ ಹವಾಮಾನವನ್ನು ಯುದ್ಧಾಸ್ತ್ರ ಮಾಡಿಕೊಳ್ಳುವುದನ್ನು ನಿಷೇಧಿಸುವ ವಿಶ್ವಸಂಸ್ಥೆಯ ಒಪ್ಪಂದ ಬಂದು, 1978ರಲ್ಲಿ ಜಾರಿಯಾಯಿತು. ಭಾರತವೂ ಅದರ ಭಾಗ.

ಅಧಿಕಾರಸ್ಥರ ಮಾತೂ ಬೆಂಕಿಗೆ ತುಪ್ಪ ಸುರಿಯುತ್ತದೆ. 2022ರ ಜುಲೈನಲ್ಲಿ ಗೋದಾವರಿ ಪ್ರವಾಹ ನೋಡಲು ಭದ್ರಾಚಲಂಗೆ ಹೋಗಿದ್ದ ಅಂದಿನ ತೆಲಂಗಾಣ ಸಿಎಂ ಕೆ. ಚಂದ್ರಶೇಖರ ರಾವ್, ಮೇಘಸ್ಫೋಟಗಳ ಹಿಂದೆ ವಿದೇಶಿ ಪಿತೂರಿ ಇದೆ ಎನ್ನಲಾಗುತ್ತಿದೆ, ಎಷ್ಟು ನಿಜವೋ ಗೊತ್ತಿಲ್ಲ ಎಂದಿದ್ದರು. ಇತ್ತ ಕೃತಕ ಮಳೆಯನ್ನು ನಲ್ಲಿ ತಿರುಗಿಸಿದಷ್ಟು ಸುಲಭ ಎಂಬಂತೆ ಪ್ರಚಾರ ಮಾಡುವ ಸರ್ಕಾರಗಳಿಗೂ ಕೊರತೆಯಿಲ್ಲ. ನಮ್ಮಲ್ಲೂ 2017ರಲ್ಲಿ ‘ವರ್ಷಧಾರೆ’ ವಿಮಾನ ಜಕ್ಕೂರಿನಿಂದ ಹಾರಿದ್ದು ನೆನಪಿರಬಹುದು. ಸರ್ಕಾರ ಬೇಕೆಂದಾಗ ಮಳೆ ತರಿಸಬಲ್ಲದು ಎಂದು ನಂಬಿದವರು, ಬೇಡದ ಮಳೆಯನ್ನೂ ಅದೇ ತರಿಸಿತು ಎಂದು ನಂಬುವುದರಲ್ಲಿ ಅಚ್ಚರಿಯೇನಿದೆ?

ದುಬೈಯಲ್ಲಿ ಆದದ್ದೂ ಇದೇ. 2024ರ ಏಪ್ರಿಲ್ 16ರಂದು ಯುಎಇಯ ಅಲ್ ಐನ್ ಭಾಗದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಮಳೆ ಸುರಿದಾಗ ಜಗತ್ತೇ ಮೋಡ ಬಿತ್ತನೆಯನ್ನು ದೂರಿತು. ಆ ಬಿರುಮಳೆಯ ವೇಳೆ ಬಿತ್ತನೆ ನಡೆಸಿಲ್ಲ ಎಂದು ಅಲ್ಲಿನ ಹವಾಮಾನ ಕೇಂದ್ರ ಸ್ಪಷ್ಟಪಡಿಸಿತು. ಮಳೆಯ ಮುನ್ಸೂಚನೆಯಂತೂ ದಿನಗಳ ಮೊದಲೇ ಇತ್ತು.

ಪಿತೂರಿಯ ಕಥೆಯಿಂದ ನಿರಾಳವಾಗುವವರು ಬೇರೆಯೇ ಇದ್ದಾರೆ. 2024ರ ಜೂನ್ 28ರಂದು ದೆಹಲಿಯಲ್ಲಿ 228.1 ಮಿ.ಮೀ. ಮಳೆಯಾಗಿ ರಸ್ತೆಗಳು ಕೆರೆಯಾದಾಗ, ನಗರದ ಚರಂಡಿಗಳು ನಿಂತಿದ್ದದ್ದು 1976ರ ಮಾಸ್ಟರ್ ಪ್ಲಾನ್ ಮೇಲೆ. ಅದೇ ಬೆಳಗ್ಗೆ ವಿಮಾನ ನಿಲ್ದಾಣದ ಟರ್ಮಿನಲ್-1ರ ಚಾವಣಿ ಕುಸಿದು ಟ್ಯಾಕ್ಸಿ ಚಾಲಕ ಸತ್ತರು. ತಪ್ಪು ಮೋಡದ್ದೋ ವಿದೇಶದ್ದೋ ಆದರೆ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಆಂಧಿಗೆ ಪೂರಕ ವಾತಾವರಣ ಮೂಡಲಿರುವುದು ಹವಾಮಾನ ಮುನ್ಸೂಚನಾ ಮಾದರಿಗಳಲ್ಲಿ ಎರಡು-ಮೂರು ದಿನ ಮೊದಲೇ ಕಾಣುತ್ತದೆ. ಯಾವ ಬಡಾವಣೆಗೆ ಬಡಿಯುತ್ತದೆ ಎಂಬುದು ಮಾತ್ರ ರಾಡಾರ್‌ನಲ್ಲಿ ತಿಳಿಯುವುದು ಎರಡು-ಮೂರು ಗಂಟೆ ಮುಂಚೆ. ಹವಾಮಾನ ಇಲಾಖೆಯ ‘ನೌಕಾಸ್ಟ್’ ಇದಕ್ಕೆಂದೇ ಇದ್ದು, ‘ಮೌಸಮ್’ ಆ್ಯಪ್‌ನಲ್ಲಿ ಲಭ್ಯ. ಸಿಡಿಲಿನ ಎಚ್ಚರಿಕೆಗೆ ಐಐಟಿಎಂನ ‘ದಾಮಿನಿ’ ಆ್ಯಪ್ ಇದೆ. ಆರೆಂಜ್ ಅಲರ್ಟ್ ಎಂದರೆ ಸಜ್ಜಾಗಿರಿ, ರೆಡ್ ಎಂದರೆ ತಕ್ಷಣ ಕ್ರಮ ಕೈಗೊಳ್ಳಿ ಎಂದರ್ಥ. ಆ ಹೊತ್ತಿನಲ್ಲಿ ಮರದ ಕೆಳಗೆ, ಹೋರ್ಡಿಂಗ್ ಪಕ್ಕ ಗಾಡಿ ನಿಲ್ಲಿಸಬೇಡಿ, ತಗಡಿನ ಶೆಡ್‌ನಲ್ಲಿ ಆಶ್ರಯ ಪಡೆಯಬೇಡಿ.