ಕನ್ನಡ ಕೀಲಿಮಣೆಯ ಪೂರ್ವನಿಯೋಜಿತ ವಿನ್ಯಾಸ

ಕನ್ನಡ ಕೀಲಿಮಣೆಯ ಪೂರ್ವನಿಯೋಜಿತ ವಿನ್ಯಾಸವೆಂದರೆ ಗಣಕದ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕನ್ನಡ ಭಾಷೆಯನ್ನು ಸೇರಿಸಿದಾಗ, ಬಳಕೆದಾರರು ಬೇರೆ ಆಯ್ಕೆ ಮಾಡದಿದ್ದರೆ ತಾನಾಗಿಯೇ ಜಾರಿಗೆ ಬರುವ ಅಕ್ಷರಗಳ ಹಂಚಿಕೆ. ಭಾರತದಲ್ಲಿ ಮಾರಾಟವಾಗುವ ಬಹುತೇಕ ಲ್ಯಾಪ್‌ಟಾಪ್‌ಗಳ ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳು ಮಾತ್ರ ಮುದ್ರಿತವಾಗಿರುವುದರಿಂದ, ಯಾವ ಕೀಲಿ ಯಾವ ಕನ್ನಡ ಅಕ್ಷರವನ್ನು ಮೂಡಿಸುತ್ತದೆ ಎಂಬುದು ಈ ಆಯ್ಕೆಯನ್ನೇ ಅವಲಂಬಿಸಿದೆ.

ಪ್ರಮುಖ ವಿನ್ಯಾಸಗಳು

ಇನ್‌ಸ್ಕ್ರಿಪ್ಟ್: ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ರೂಪಿಸಿದ ಈ ವಿನ್ಯಾಸವನ್ನು ಭಾರತೀಯ ಮಾನಕ ಸಂಸ್ಥೆಯು 1991ರ ಐಎಸ್ 13194 ಮಾನಕದಲ್ಲಿ ಸೇರಿಸಿತು. ಇದರಲ್ಲಿ ಸ್ವರಗಳು ಎಡಭಾಗದಲ್ಲಿಯೂ ಬಹುತೇಕ ವ್ಯಂಜನಗಳು ಬಲಭಾಗದಲ್ಲಿಯೂ ಇವೆ. ಭಾರತೀಯ ಲಿಪಿಗಳಲ್ಲಿ ಸಮಾನ ಧ್ವನಿಯ ಅಕ್ಷರಗಳಿಗೆ ಒಂದೇ ಕೀಲಿ ಇರುವುದು ಇದರ ವೈಶಿಷ್ಟ್ಯ.

ಕಗಪ ವಿನ್ಯಾಸ: ಕೆ. ಪಿ. ರಾವ್ ಅವರು ರೂಪಿಸಿದ ಈ ಧ್ವನ್ಯಾತ್ಮಕ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಧಿಕೃತವಾಗಿ ಅಂಗೀಕರಿಸಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಇದು ವ್ಯಾಪಕ ಬಳಕೆಗೆ ಬಂದಿತು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳೇ ಇದಕ್ಕೆ ಸಾಕು. ಅಲ್ಪಪ್ರಾಣವನ್ನು ನೇರವಾಗಿಯೂ ಮಹಾಪ್ರಾಣವನ್ನು ಶಿಫ್ಟ್ ಕೀಲಿಯೊಂದಿಗೂ ಪಡೆಯಲಾಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಬಳಸಲಾಗುತ್ತದೆ.

ಲಿಪ್ಯಂತರಣ: ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಕನ್ನಡಕ್ಕೆ ಪರಿವರ್ತಿಸುವ ವಿಧಾನ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶವು ಇದನ್ನು ಜನಪ್ರಿಯಗೊಳಿಸಿತು.

"ಕನ್ನಡ" ಎಂಬ ಪದಕ್ಕೆ ಕಗಪ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳನ್ನು ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿಯೂ ಕೆ, ವಿ, ಡಿ, ವಿ ಮತ್ತು ಎಡ ಚೌಕಾವರಣ ಎಂಬ ಐದು ಕೀಲಿಗಳೇ ಸಾಕು. ಬರಹದ ಲಿಪ್ಯಂತರಣದಲ್ಲಿ ಏಳು ಅಕ್ಷರಗಳು ಬೇಕಾಗುತ್ತವೆ.

ಕಾರ್ಯಾಚರಣ ವ್ಯವಸ್ಥೆಗಳಲ್ಲಿ

2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಒದಗಿಸಲಾದದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ. ವಿಂಡೋಸ್ 10ರ ಮೇ 2019ರ ಪರಿಷ್ಕರಣೆಯಲ್ಲಿ ಧ್ವನ್ಯಾತ್ಮಕ ಕೀಲಿಮಣೆಯೂ ಸೇರಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ "ಕನ್ನಡ" ಎಂಬ ಮೂಲ ಆಯ್ಕೆಯು ಇನ್‌ಸ್ಕ್ರಿಪ್ಟ್ ಮಾದರಿಯದಾಗಿದ್ದು, ಕಗಪ ಪ್ರತ್ಯೇಕ ಆಯ್ಕೆಯಾಗಿ ದೊರೆಯುತ್ತದೆ. ಹೀಗಾಗಿ ರಾಜ್ಯ ಸರ್ಕಾರ ಅಂಗೀಕರಿಸಿದ ವಿನ್ಯಾಸವೊಂದು, ಗಣಕದಲ್ಲಿ ಮೊದಲು ಎದುರಾಗುವ ವಿನ್ಯಾಸ ಮತ್ತೊಂದು. ನುಡಿಯಲ್ಲಿ ಕಲಿತವರು ಹೊಸ ಗಣಕದಲ್ಲಿ ಟೈಪಿಸಿದಾಗ ಬೇರೆ ಅಕ್ಷರಗಳು ಮೂಡಲು ಇದೇ ಕಾರಣ.

ಆಯ್ಕೆಯ ಮಾನದಂಡಗಳು

ಒಂದಕ್ಕಿಂತ ಹೆಚ್ಚು ಲಿಪಿಗಳನ್ನು ಬಳಸುವವರಿಗೆ ಇನ್‌ಸ್ಕ್ರಿಪ್ಟ್ ಅನುಕೂಲಕರ. ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಕೋಲಾರ ಜಿಲ್ಲೆಯ ಬಂಗಾರಪೇಟೆ, ಕೆ.ಜಿ.ಎಫ್. ಹಾಗೂ ಕಾಮಸಮುದ್ರದ ಭಾಗದಲ್ಲಿ ಕನ್ನಡದೊಂದಿಗೆ ತೆಲುಗು, ತಮಿಳು ಭಾಷೆಗಳೂ ಬಳಕೆಯಲ್ಲಿವೆ. ಮೂರೂ ಲಿಪಿಗಳಲ್ಲಿ ಕಕಾರವು ಒಂದೇ ಕೀಲಿಯಲ್ಲಿರುವುದರಿಂದ ಒಮ್ಮೆ ಕಲಿತದ್ದು ಉಳಿದವಕ್ಕೂ ಒದಗುತ್ತದೆ. ಇಂಗ್ಲಿಷ್ ಕೀಲಿಮಣೆಯ ಪರಿಚಯವಷ್ಟೇ ಇರುವವರಿಗೆ ಕಗಪ ಬೇಗ ಕೈಹಿಡಿಯುತ್ತದೆ. ಲಿಪ್ಯಂತರಣಕ್ಕೆ ಕಲಿಕೆ ಅತ್ಯಲ್ಪ; ಆದರೆ ಕನ್ನಡ ಬರೆಯಲು ಇಂಗ್ಲಿಷ್ ಅಕ್ಷರಜ್ಞಾನ ಅನಿವಾರ್ಯವಾಗುತ್ತದೆ.

ಇತರ ಸಾಧನಗಳೊಂದಿಗೆ ಹೋಲಿಕೆ

ಪೂರ್ವನಿಯೋಜಿತ ಆಯ್ಕೆಯ ಪ್ರಶ್ನೆ ಟಚ್‌ಪ್ಯಾಡ್‌ಗೂ ಅನ್ವಯಿಸುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದನ್ನು ಕ್ಲಿಕ್ ಎಂದು ಪರಿಗಣಿಸುವ ಸೌಲಭ್ಯವು ಗ್ನೋಮ್ ಪರಿಸರದಲ್ಲಿ 2024ರ 46ನೆಯ ಆವೃತ್ತಿಯಿಂದ ಪೂರ್ವನಿಯೋಜಿತವಾಯಿತು. ಅರಿವಿಲ್ಲದೆ ಬೆರಳು ತಗುಲಿದಾಗಲೂ ಕ್ಲಿಕ್ ಆಗಬಹುದೆಂಬುದು ಅದನ್ನು ನಿಷ್ಕ್ರಿಯವಾಗಿಡಲು ನೀಡಲಾಗುತ್ತಿದ್ದ ಕಾರಣ. ಆದರೆ ಟಚ್‌ಪ್ಯಾಡ್‌ನ ಅಭ್ಯಾಸವನ್ನು ಅಲ್ಪಕಾಲದಲ್ಲಿ ಬದಲಿಸಿಕೊಳ್ಳಬಹುದು. ಬೆರಳುಗಳಿಗೆ ರೂಢಿಯಾದ ಕೀಲಿಮಣೆಯನ್ನು ಬದಲಿಸುವುದು ಅಷ್ಟು ಸುಲಭವಲ್ಲ.

ವಿನ್ಯಾಸ ಮತ್ತು ಸಂಕೇತೀಕರಣ

ಕೀಲಿಮಣೆ ವಿನ್ಯಾಸ ಮತ್ತು ಪಠ್ಯದ ಸಂಕೇತೀಕರಣ ಬೇರೆ ಬೇರೆ. ಯೂನಿಕೋಡ್‌ನಲ್ಲಿ ಉಳಿಸಿದ ಕನ್ನಡ ಪಠ್ಯವನ್ನು ಯಾವ ವಿನ್ಯಾಸದಿಂದ ಟೈಪಿಸಿದ್ದರೂ ಒಂದೇ ರೀತಿಯಲ್ಲಿ ಓದಬಹುದು, ಹುಡುಕಬಹುದು. ನುಡಿ ಮತ್ತು ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಆದ್ದರಿಂದ ಒಂದೇ ಕಚೇರಿಯಲ್ಲಿ ಅಥವಾ ಶಾಲೆಯಲ್ಲಿ ಬೇರೆ ಬೇರೆ ವಿನ್ಯಾಸಗಳನ್ನು ಬಳಸಿದರೂ ಕಡತಗಳ ವಿನಿಮಯಕ್ಕೆ ಅಡ್ಡಿಯಾಗುವುದಿಲ್ಲ.