ನಾಯಿಗಳಿಗೆ ಹಸಿ ಮೀನು ಮತ್ತು ಮಾಂಸ ನೀಡುವಾಗ ವಹಿಸಬೇಕಾದ ಎಚ್ಚರಿಕೆಗಳು

ಮಂಗಳೂರು ನಗರ ಹಾಗೂ ಸುತ್ತಲಿನ ಮನೆಗಳಲ್ಲಿ ಸಾಕುನಾಯಿಗಳಿಗೆ ಅನ್ನದೊಂದಿಗೆ ಬೂತಾಯಿ, ಬಂಗುಡೆಯ ತಲೆ, ಕೋಳಿಯ ಕಾಲು, ಕುತ್ತಿಗೆ ಮುಂತಾದವುಗಳನ್ನು ನೀಡುವುದು ವಾಡಿಕೆ. ಇವು ಅಗ್ಗವಾಗಿ ದೊರೆಯುವ ಉತ್ತಮ ಸಸಾರಜನಕದ ಮೂಲಗಳು. ಆದರೆ ಹಸಿಯಾಗಿ ನೀಡಿದಾಗ ನಾಯಿಗೂ ಮನೆಯವರಿಗೂ ಅಪಾಯ ಉಂಟಾಗಬಹುದು. ಫ್ರೀಜರಿನಲ್ಲಿಟ್ಟ ಆಹಾರ ಸುರಕ್ಷಿತವೆಂಬ ನಂಬಿಕೆ ಸಂಪೂರ್ಣ ಸರಿಯಲ್ಲ. ಅತಿ ಶೀತದಲ್ಲಿ ಕೆಲವು ಜಂತುಗಳು ಸಾಯುತ್ತವೆಯೇ ಹೊರತು ಸಾಲ್ಮೊನೆಲ್ಲಾದಂತಹ ರೋಗಾಣುಗಳು ನಾಶವಾಗುವುದಿಲ್ಲ.

ಮೀನು

ಬೂತಾಯಿಯಂತಹ ಕೆಲವು ಹಸಿ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ಆಹಾರದಲ್ಲಿನ ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಶೀತಲೀಕರಣದಿಂದ ಈ ಕಿಣ್ವ ಅಳಿಯುವುದಿಲ್ಲ, ಬೇಯಿಸಿದರೆ ಅಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಗೆಂದು ಕೂಡಿಟ್ಟ ಮೀನನ್ನೂ ಬೇಯಿಸಿಯೇ ನೀಡಬೇಕು. ಹಸಿ ಮೀನನ್ನೇ ವಾರಗಟ್ಟಲೆ ತಿಂದ ನಾಯಿ ಆಹಾರ ಬಿಡುವುದು, ವಾಂತಿ ಮಾಡುವುದು, ತೂರಾಡುವುದು, ಸೆಳೆತಕ್ಕೆ ಒಳಗಾಗುವುದು ಕಂಡುಬಂದರೆ ತಕ್ಷಣ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಬೇಗನೆ ಬಿ1 ಚುಚ್ಚುಮದ್ದು ದೊರೆತರೆ ನಾಯಿ ಚೇತರಿಸಿಕೊಳ್ಳಬಲ್ಲದು, ತಡವಾದರೆ ಸಾಯಬಹುದು.

ದಕ್ಕೆಯಲ್ಲಿ ಬಿಸಿಲಿಗೆ ಬಿದ್ದಿದ್ದ ಮೀನನ್ನು ತರಬೇಡಿ. ಕೆಟ್ಟ ಬಂಗುಡೆ, ಬೂತಾಯಿಗಳಲ್ಲಿ ಉಂಟಾಗುವ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ. ಬಲೆಗೆ ಬೀಳುವ, ಹೊಟ್ಟೆ ಉಬ್ಬಿಸಿಕೊಳ್ಳುವ ವಿಷಮೀನುಗಳನ್ನು ಯಾವ ರೂಪದಲ್ಲಿಯೂ ನೀಡಬಾರದು.

ಮಾಂಸ ಮತ್ತು ಒಳಾಂಗಗಳು

ಕುರಿ, ಆಡು, ದನಗಳ ಯಕೃತ್ತು ಹಾಗೂ ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳಿರಬಹುದು. ಇವು ಹೈಡಾಟಿಡ್ ಜಂತುವಿನ ಕೋಶಗಳು. ಇವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಹೊರಬೀಳುತ್ತವೆ. ನಾಯಿಯೊಂದಿಗೆ ಆಡುವ ಮಕ್ಕಳ ಕೈಯಿಂದ ಈ ಮೊಟ್ಟೆಗಳು ಬಾಯಿ ಸೇರಿದರೆ ಯಕೃತ್ತಿನಲ್ಲಿ ಗಡ್ಡೆಗಳಾಗುತ್ತವೆ. ಆದ್ದರಿಂದ ಒಳಾಂಗಗಳನ್ನು ಅರ್ಧ ಗಂಟೆ ಕುದಿಸಿ ನೀಡಬೇಕು. ಗುಳ್ಳೆಗಳಿದ್ದವುಗಳನ್ನು ಆಳವಾಗಿ ಹೂಳಬೇಕು. ಫಾರ್ಮಿನಲ್ಲಿ ಸತ್ತ ಕೋಳಿಗಳನ್ನು ನಾಯಿಗಳಿಗೆ ಹಾಕಬಾರದು.

ಸಮತೋಲನ

• ಬರೀ ಮಾಂಸದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಮರಿಗಳಿಗೆ ಮಾಂಸ ಮಾತ್ರ ನೀಡಿದರೆ ಮೂಳೆಗಳು ಬಾಗುತ್ತವೆ. ಸುಣ್ಣದಂಶದ ಪೂರಕಗಳ ಪ್ರಮಾಣವನ್ನು ಪಶುವೈದ್ಯರಿಂದ ತಿಳಿಯಿರಿ.
• ಯಕೃತ್ತು ಒಟ್ಟು ಆಹಾರದ ಶೇ. 5ನ್ನು ಮೀರದಿರಲಿ.
• ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಬೇಯಿಸಿದ ಮೇಲೆ ಮೂಳೆ, ಮುಳ್ಳುಗಳನ್ನು ತೆಗೆಯಿರಿ.
• ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರು ಹಾಗೂ ಉಪ್ಪು ಹೆಚ್ಚಿರುವ ಒಣಮೀನು ಬೇಡ.
• ಅನ್ನ, ಬೇಯಿಸಿದ ಕುಂಬಳಕಾಯಿ, ಕ್ಯಾರೆಟ್, ಮೊಟ್ಟೆ, ಮೊಸರುಗಳನ್ನು ಬದಲಾಯಿಸುತ್ತ ಸೇರಿಸಿರಿ.

ಸ್ವಚ್ಛತೆ

ಹಸಿ ಮಾಂಸ ತಿಂದ ನಾಯಿ ತಾನು ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾವನ್ನು ಮಲದಲ್ಲಿ ಹೊರಹಾಕಬಹುದು. ಪಶುವೈದ್ಯರ ಸಲಹೆಯ ಮೇರೆಗೆ ಹಸಿ ಆಹಾರವನ್ನೇ ನೀಡುವವರು ಪ್ರತ್ಯೇಕ ಚಾಕು ಮತ್ತು ತಟ್ಟೆ ಬಳಸಬೇಕು. ಕರಾವಳಿಯ ಸೆಕೆಯಲ್ಲಿ ಅರ್ಧ ಗಂಟೆಯೊಳಗೆ ತಿನ್ನದೆ ಉಳಿದುದನ್ನು ತೆಗೆದುಹಾಕಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಪುಟ್ಟ ಮಕ್ಕಳು, ಗರ್ಭಿಣಿಯರು, ವೃದ್ಧರಿರುವ ಮನೆಗಳಲ್ಲಿ ಬೇಯಿಸಿದ ಆಹಾರವೇ ಸೂಕ್ತ. ಲಾಡಿಹುಳುವಿನ ಔಷಧಿಯನ್ನು ನಿಮ್ಮ ಸಮೀಪದ ಪಶು ಆಸ್ಪತ್ರೆಯ ಸಲಹೆಯಂತೆ ನಿಯಮಿತವಾಗಿ ಕೊಡಿಸಿರಿ.